ದೆವ್ವದ ಮೇಷ್ಟ್ರ ಜೋಗುಳ

ಕೊರಿಯಾದ ಸೋಲ್ ನಗರದ ಚುಂಗ್ಮುರೊ ಬೀದಿಯಲ್ಲಿ ನನ್ನದೊಂದು ಸಾರಿನ ಅಂಗಡಿ. ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಸಿನಿಮಾ ಸಂಗೀತದ ಸ್ಟುಡಿಯೋ. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿಗೆ ಬರುತ್ತಿದ್ದ ಸಂಗೀತ ನಿರ್ದೇಶಕ ತಕ್ ಯೊಂಗ್‌ಸು ಅವರನ್ನು ಇಡೀ ಬೀದಿ ‘ದೆವ್ವದ ಮೇಷ್ಟ್ರು’ ಎನ್ನುತ್ತಿತ್ತು.

ಮನುಷ್ಯ ಮಾತ್ರ ಬಲು ಮೆತ್ತಗೆ. ಕುರ್ಚಿ ಎಳೆದರೆ ಸದ್ದಾದೀತೆಂದು ಎತ್ತಿಟ್ಟು ಕೂರುವರು. ಊಟವಾದ ಮೇಲೆ ಕಿಟಕಿಯ ಬಿಸಿಲಿಗೆ ಕೆನ್ನೆಯೊಡ್ಡಿ ಅರೆನಿದ್ದೆಗೆ ಜಾರುವರು. ತುಟಿ ಅಲುಗುತ್ತಲೇ ಇರುತ್ತಿತ್ತು. ಎದ್ದವರೇ ಕಾಗದದ ಕರವಸ್ತ್ರದ ಮೇಲೆ ನಾಲ್ಕು ಗೆರೆ ಗೀಚಿಕೊಂಡು ಕೆಳಗೆ ಇಳಿಯುವರು. ನಿದ್ದೆಯ ಅಂಚಿನಲ್ಲಿ ಸಿಕ್ಕ ರಾಗ ಪೂರ್ತಿ ಎಚ್ಚರವಾದರೆ ಕರಗಿಬಿಡುತ್ತದಂತೆ.

ಹರೆಯದಲ್ಲಿ ಅವರು ಹೇಗಮ್ ಎಂಬ ವಾದ್ಯ ಕಲಿತಿದ್ದರು. ಎರಡೇ ತಂತಿ, ಒಂದು ಕಮಾನು. ನುಡಿಸಿದರೆ ಯಾರೋ ಮೂಗಿನಲ್ಲಿ ಅಳುವ ಹಾಗೆ. ಅವರ ಮೊದಲ ಸಿನಿಮಾದಲ್ಲಿ ಕೆರೆಗೆ ಬಿದ್ದು ಸತ್ತ ಮದುಮಗಳು ತಲೆ ಬಾಚಿಕೊಳ್ಳುವ ದೃಶ್ಯವಿತ್ತು. ಅಲ್ಲಿ ಒಂದು ತಂತಿಯನ್ನು ನಿಧಾನಕ್ಕೆ ಎಳೆದರು. ಜನ ಕಿರುಚಿದರು. ಆಮೇಲೆ ದೆವ್ವದ ಸಿನಿಮಾ ಬಿಟ್ಟು ಬೇರೇನನ್ನೂ ಯಾರೂ ಅವರಿಗೆ ಕೊಡಲಿಲ್ಲ.

“ತಂಗಿ ಮಗಳ ಮದುವೇಲಿ ನುಡಿಸ್ತೀನಿ ಅಂದೆ ಚಿಕ್ಕಮ್ಮ,” ಎಂದು ಒಮ್ಮೆ ನನಗೆ ಹೇಳಿದರು; ಅಂಗಡಿಯಾಕೆಯನ್ನು ನಮ್ಮಲ್ಲಿ ಹಾಗೇ ಕರೆಯುವುದು. “ಬೀಗಿತ್ತಿ ಕೈ ಮುಗಿದುಬಿಟ್ಳು. ಬೇಡಪ್ಪಾ, ಹುಡುಗಿ ಮೂರ್ಛೆ ಹೋದಾಳು ಅಂತ.”

ನಕ್ಕರು. ನಾನು ನಗಲಿಲ್ಲ. ಸಾರು ಇನ್ನಷ್ಟು ಬಡಿಸಿದೆ.

ಒಂದು ವಸಂತದಲ್ಲಿ ಮಾ ಉನ್‌ಸೊಲ್ ಎಂಬ ನಿರ್ದೇಶಕಿ ಬಂದಳು. ಕಡಲ ತೀರದ ಉಪ್ಪಿನ ಗದ್ದೆಯಲ್ಲಿ ದುಡಿಯುವ ತಾಯಿ, ಮಗಳ ಕಥೆ ಅವಳದು. ನಿರ್ಮಾಪಕ ಬೋಂಗ್ ಜೊತೆಗಿದ್ದ. ಮೇಷ್ಟ್ರೂ ಸೇರಿ ಮೂವರೂ ನನ್ನ ಅಂಗಡಿಯಲ್ಲೇ ಕೂತರು.

“ಸಾರ್, ಸಂಗೀತ ತಕ್ ಮೇಷ್ಟ್ರೇ ಮಾಡ್ಬೇಕು,” ಎಂದಳು ಉನ್‌ಸೊಲ್.

“ತಲೆ ಕೆಟ್ಟಿದ್ಯೇನಮ್ಮಾ? ತಾಯಿ ಮಗಳಿಗೆ ಜಡೆ ಹಾಕ್ತಿದ್ರೆ, ಜನ ಈಗ ಕತ್ತು ಹಿಚುಕ್ತಾಳೆ ಅಂತ ಕಾಯ್ತಾರೆ!” ಎಂದ ಬೋಂಗ್.

“ನಾನೂ ಕಾದ್ಬಿಡ್ತೀನೇನೋ ಅಂತ ನಂಗೂ ಭಯ ಆಗುತ್ತೆ,” ಎಂದರು ಮೇಷ್ಟ್ರು, ಬಟ್ಟಲಿನಿಂದ ತಲೆಯೆತ್ತದೆ.

ಬೋಂಗ್ ಜೋರಾಗಿ ನಕ್ಕ. “ಆಯ್ತು, ಒಂದು ಜೋಗುಳ ಮಾಡಿ ಕೇಳಿಸಿ. ನನ್ನ ಮೈ ಜುಮ್ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ.”

ಮೂರು ವಾರ ಮೇಷ್ಟ್ರು ಸರಿಯಾಗಿ ಉಣ್ಣಲಿಲ್ಲ. ಬುದ್ಧ ಹುಟ್ಟಿದ ಹಬ್ಬಕ್ಕೆ ಗುಡಿಯಲ್ಲಿ ಕಾಗದದ ದೀಪ ಕಟ್ಟಿಸುವಾಗ, ನನ್ನ ಮಗಳ ಹೆಸರಿನ ಪಕ್ಕದಲ್ಲಿ ಅವರ ಹೆಸರನ್ನೂ ಬರೆಸಿದೆ. ಅವರಿಗೆ ಹೇಳಲಿಲ್ಲ.

ಜೋಗುಳದ ಧ್ವನಿಮುದ್ರಣದ ದಿನ ಮಧ್ಯಾಹ್ನ ಬಾರ್ಲಿ ನೀರು ತೆಗೆದುಕೊಂಡು ಕೆಳಗಿಳಿದೆ. ಒಳಗೆ ಸೆಕೆಯೆಂದು ಬಾಗಿಲನ್ನು ಸ್ವಲ್ಪ ತೆರೆದಿದ್ದರು. ಆಗಲೇ ವಾದನ ಶುರುವಾಗಿತ್ತು. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅದೇ ಎರಡು ತಂತಿ. ಆದರೆ ರಾಗ ಉಪ್ಪಿನ ಗದ್ದೆಯ ನೀರಿನ ಹಾಗೆ ಹರಡಿಕೊಂಡಿತ್ತು. ಎಲ್ಲಿ ನೀರು ಮುಗಿದು ಎಲ್ಲಿ ಆಕಾಶ ಮೊದಲಾಯಿತೆಂದು ತಿಳಿಯಲಿಲ್ಲ. ಕಣ್ಣು ಮುಚ್ಚಿಕೊಂಡವು. ಮಡಿಲಲ್ಲಿ ಭಾರವಾದಂತೆ, ಬೆಚ್ಚಗಾದಂತೆ ಅನಿಸಿತು. ಕಣ್ಣು ತೆರೆದಾಗ ವಾದನ ಮುಗಿದಿತ್ತು.

ಒಳಗೆ ಹೋಗಿ ಲೋಟಗಳನ್ನಿಡುವಾಗ ಮೇಷ್ಟ್ರು, ಬೋಂಗ್ ಎಲ್ಲರೂ ಮುದ್ರಿಸಿದ್ದನ್ನು ಮತ್ತೆ ಹಾಕಿ ಕೇಳುತ್ತಿದ್ದರು. ಕೊನೆಯಲ್ಲಿ, ತಂತಿಯ ಹಿಂದೆ, ಬಹು ದೂರದಿಂದ ಒಂದು ಹೆಣ್ಣು ದನಿ: “ಹ್ಞೂಂ... ಹ್ಞೂಂ...”

ಮುದ್ರಣ ನೋಡಿಕೊಳ್ಳುವ ಗುಕ್ ಬಿಳಿಚಿಕೊಂಡ. ಮರುಕ್ಷಣ ಚಪ್ಪಾಳೆ ಹೊಡೆದ. “ಬಂದ್ಲು! ದೆವ್ವ ಬಂದ್ಲು! ಗೆದ್ವಿ ಸಾರ್!”

ಮುದ್ರಣದಲ್ಲಿ ದೆವ್ವದ ದನಿ ಸೇರಿದರೆ ಆ ಹಾಡು ಗೆಲ್ಲುವುದು ಖಂಡಿತ ಎಂದು ನಮ್ಮ ಸ್ಟುಡಿಯೋಗಳಲ್ಲಿ ನಂಬುತ್ತಾರೆ. ಅದಕ್ಕಾಗಿ ಹಾರೈಸುವವರೂ ಉಂಟು. ಬೋಂಗ್ ಎದ್ದು ಮೇಷ್ಟ್ರ ಕೈ ಕುಲುಕಿದ. “ಸಿನಿಮಾ ನಿಮ್ದೇ ಮೇಷ್ಟ್ರೇ! ದೆವ್ವದ ಮೇಷ್ಟ್ರಿಗೆ ದೆವ್ವಾನೇ ದನಿಗೂಡಿಸ್ತು ಅಂತ ಪೋಸ್ಟರ್ ಮೇಲೆ ದೊಡ್ಡದಾಗಿ ಹಾಕಿಸ್ತೀನಿ!”

ಮೇಷ್ಟ್ರು ಕಮಾನನ್ನು ಮೊಣಕಾಲ ಮೇಲಿಟ್ಟುಕೊಂಡರು. ಬಯಸಿದ್ದ ಸಿನಿಮಾ ಸಿಕ್ಕಿತ್ತು. ಮುಖದಲ್ಲಿ ಏನೂ ಉಳಿದಿರಲಿಲ್ಲ.

ಆ ದನಿ ನನ್ನದು. ಮಗಳು ಕೂಸಾಗಿದ್ದಾಗ ತೂಗುತ್ತಿದ್ದ ಹಾಗೆಯೇ, ಗೊತ್ತಿಲ್ಲದೆ ಗುನುಗಿದ್ದೆ. ಹೇಳಿದರೆ ಅವರ ಸಿನಿಮಾ ಹೋದೀತು. ಹೇಳದಿದ್ದರೆ ಸುಳ್ಳಿಗೆ ನಾನೂ ಪಾಲುದಾರಳು. ಮೇಷ್ಟ್ರು ಮೇಲೆ ಊಟಕ್ಕೆ ಬರುವವರೆಗೆ ಜಪಮಾಲೆಯ ಮಣಿಗಳನ್ನು ಎಣಿಸುತ್ತ ಕಾದೆ. ಅವರು ಒಬ್ಬರೇ ಬಂದರು.

“ಮೇಷ್ಟ್ರೇ, ಅದು ದೆವ್ವ ಅಲ್ಲ. ನಾನು. ಮೆಟ್ಟಿಲ ಮೇಲಿದ್ದೆ. ತಪ್ಪಾಯ್ತು.”

ಅವರು ಚಮಚ ಕೆಳಗಿಟ್ಟರು. “ಯಾಕೆ ಗುನುಗಿದ್ರಿ?”

“ಮಗು ಮಡಿಲಲ್ಲಿ ಮಲಗಿದ ಹಾಗಾಯ್ತು.”

“ನಿಜವಾಗ್ಲೂ? ಹೆದರಿಕೆ ಆಗ್ಲಿಲ್ವಾ? ಒಂಚೂರೂ?”

“ಇಲ್ಲಪ್ಪಾ. ನಿದ್ದೆ ಬಂತು.”

ಅನ್ನವನ್ನು ಹಾಗೇ ಬಿಟ್ಟು ಎದ್ದು ಕೆಳಗೆ ಓಡಿದರು. ಬೋಂಗ್‌ಗೆ ತಾವೇ ಹೇಳಿದರು. ಅವನ ಕೂಗು ಅಂಗಡಿಯವರೆಗೂ ಕೇಳಿಸಿತು. “ದೆವ್ವ ಆದ್ರೆ ಜನ ಬರ್ತಾರೆ ಮೇಷ್ಟ್ರೇ! ಸಾರು ಮಾರೋ ಹೆಂಗಸು ಗುನುಗಿದ್ಳು ಅಂದ್ರೆ ಯಾರು ಬರ್ತಾರೆ? ಯಾಕ್ರೀ ಬಾಯಿ ಬಿಟ್ರಿ?”

ಸಿನಿಮಾ ಕೈ ತಪ್ಪಿತು. ಸಂಗೀತ ಬೇರೊಬ್ಬರಿಗೆ ಹೋಯಿತು. ಉನ್‌ಸೊಲ್ ಮಾತ್ರ ಹಟ ಹಿಡಿದು ಆ ಜೋಗುಳವೊಂದನ್ನು ಉಳಿಸಿಕೊಂಡಳು. ನನ್ನ ಗುನುಗನ್ನೂ ತೆಗೆಯಲಿಲ್ಲ. ಮೇಷ್ಟ್ರು ಮರುವಾರವೇ ಇನ್ನೊಂದು ದೆವ್ವದ ಸಿನಿಮಾಕ್ಕೆ ಒಪ್ಪಿಕೊಂಡರು. ನನ್ನ ಮೇಲೆ ಮುನಿಸಿದೆಯೇ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಶರತ್ಕಾಲದಲ್ಲಿ ಅವರೇ ಅಂಗಡಿ ಮುಚ್ಚಿಸಿ ನನ್ನನ್ನು ಉನ್‌ಸೊಲ್ ಸಿನಿಮಾದ ಮಧ್ಯಾಹ್ನದ ಆಟಕ್ಕೆ ಕರೆದೊಯ್ದರು. ಅರ್ಧ ಕುರ್ಚಿಗಳು ಖಾಲಿ. ಪರದೆಯ ಮೇಲೆ ಬೆಳ್ಳಗೆ ಹೊಳೆಯುವ ಗದ್ದೆ, ತಾಯಿಯ ಬೆನ್ನ ಮೇಲೆ ಮಗಳು. ಜೋಗುಳ ಮೊದಲಾಯಿತು. ಯಾರೂ ಉಸಿರು ಬಿಗಿಹಿಡಿಯಲಿಲ್ಲ. ನಮ್ಮ ಮುಂದಿನ ಸಾಲಿನ ಮುದುಕನ ತಲೆ ಮೆಲ್ಲಗೆ ವಾಲುತ್ತ ಹೆಂಡತಿಯ ಹೆಗಲಿಗೆ ಬಂತು. ಸಣ್ಣಗೆ ಗೊರಕೆಯೂ ಶುರುವಾಯಿತು. ಆಕೆ ನಾಚಿ ಮೊಣಕೈಯಿಂದ ತಿವಿಯಹೊರಟಳು.

ಮೇಷ್ಟ್ರು ಮುಂದಕ್ಕೆ ಬಾಗಿದರು.

“ಎಬ್ಬಿಸ್ಬೇಡಿ ತಾಯಿ,” ಎಂದು ಪಿಸುಗುಟ್ಟಿದರು. “ದಯವಿಟ್ಟು ಎಬ್ಬಿಸ್ಬೇಡಿ.”