ಯಲ್ಲಮ್ಮ ಎಂಜಿನ್ ಹುಡುಕಿದ್ದು

ಶಿವಮೊಗ್ಗದ ದುರ್ಗಿಗುಡಿಯ ಹಿಂದಿನ ಗಲ್ಲಿಯಲ್ಲಿ ಮದುವೆ ಮುಂಜಿಗೆ ಪಾತ್ರೆ ಬಾಡಿಗೆ ಕೊಡುತ್ತಿದ್ದ ಯಲ್ಲಮ್ಮನಿಗೆ ಸಿಟ್ಟು ಬಹಳ ಬೇಗ ಬರುತ್ತದೆ ಎಂದು ಜನ ಹೇಳುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಸಿಟ್ಟು ಅವಳಿಗೂ ಎಲ್ಲರಂತೆಯೇ ಬರುತ್ತಿತ್ತು. ಬಂದದ್ದು ಹೋಗುವುದು ಮಾತ್ರ ತಡ. ಗಂಡ ಹುಲಿಯಪ್ಪನಿಗೆ ಬರುತ್ತಲೇ ಇರಲಿಲ್ಲ. ಬಾಡಿಗೆಗೆ ಹೋದ ಹಂಡೆ ನೆಗ್ಗಿ ವಾಪಸು ಬಂದರೂ 'ಹೋಗ್ಲಿ ಬಿಡು' ಅನ್ನುವ ಮನುಷ್ಯ. ಹಾಗಾಗಿ ಗಿರಾಕಿಗಳ ಜೊತೆ ಜಗಳ ಆಡುವುದು ಅವಳ ಪಾಲಿಗೆ, ವ್ಯಾನು ಓಡಿಸುವುದು ಅವನ ಪಾಲಿಗೆ ಬಂದಿತ್ತು.

ವ್ಯಾನೆಂದರೆ ಯಾರೋ ಓಡಿಸಿ ಬಿಟ್ಟ ಹಳೆಯ ಡೀಸೆಲ್ ಗಾಡಿ. ಎರಡು ಕಡೆ ತುಕ್ಕು ತಿಂದಿತ್ತು, ಹಿಂದಿನ ಬಾಗಿಲಿಗೆ ಹಗ್ಗ ಕಟ್ಟಬೇಕಿತ್ತು. ಆದರೂ ಕೊಪ್ಪರಿಗೆ, ಬಾಣಲೆ, ಮಡಚುವ ಕುರ್ಚಿ ಎಲ್ಲವನ್ನೂ ಒಂದೇ ಸಲಕ್ಕೆ ಹೊರುತ್ತಿತ್ತು. ತೊಂಬತ್ತೇಳರ ಬೇಸಿಗೆಯಲ್ಲಿ, ಮದುವೆಗಳ ಭರಾಟೆಯ ನಡುವೆ, ಹೊಳಲೂರಿನಲ್ಲಿ ಪಾತ್ರೆ ಇಳಿಸಿ ಬರುವಾಗ ರೇಡಿಯೇಟರಿನ ಪೈಪು ಒಡೆದು ಬಿಸಿನೀರೆಲ್ಲ ರಸ್ತೆಗೆ ಚೆಲ್ಲಿತು. ಹುಲಿಯಪ್ಪ ಗಾಡಿ ನಿಲ್ಲಿಸುವಷ್ಟರಲ್ಲಿ ಎಂಜಿನ್ ತಾನೇ ನಿಂತಿತ್ತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಮುರಳಿಯ ಗ್ಯಾರೇಜಿಗೆ ತಂದರು.

ಮುರಳಿ ಹುಲಿಯಪ್ಪನ ಜೊತೆ ಆಡಿ ಬೆಳೆದವನು. ಮದುವೆಯಾಗಿರಲಿಲ್ಲ, ತಂಗಿ ಜಯಾಳನ್ನು ಓದಿಸುತ್ತಿದ್ದ. ವಾರಕ್ಕೊಮ್ಮೆಯಾದರೂ ಯಲ್ಲಮ್ಮನ ಮನೆಯಲ್ಲಿ ಊಟ ಮಾಡುತ್ತಿದ್ದ. ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದ. ಅವನು ಎಂಜಿನ್ ಬಿಚ್ಚಿ ನೋಡಿ, ಎಂಜಿನ್ನಿನ ಮೈಯಾದ ಬ್ಲಾಕೇ ಸೀಳಿದೆ, ರಿಪೇರಿಗೆ ಹಾಕುವ ದುಡ್ಡು ದಂಡ, ಬೇರೆ ಎಂಜಿನ್ ಹುಡುಕಿ ಕೂರಿಸುವುದೇ ವಾಸಿ ಎಂದ. ಹಳೆಯದನ್ನು ಗುಜರಿ ಲೆಕ್ಕದಲ್ಲಿ ತಾನೇ ಇಟ್ಟುಕೊಳ್ಳುತ್ತೇನೆ ಎಂದ. ಹುಲಿಯಪ್ಪ ಮುಂಗಡ ಕೊಟ್ಟು ಬಂದ.

ಎಂಜಿನ್ ಬರಲಿಲ್ಲ. ಕೇಳಿದಾಗಲೆಲ್ಲ ಹುಬ್ಬಳ್ಳಿಯಿಂದ ಹೊರಟಿದೆ, ಲಾರಿ ಸ್ಟ್ರೈಕು, ಬಂದದ್ದು ಸರಿಯಿರಲಿಲ್ಲ ಎಂದು ಹೊಸ ಹೊಸ ಕಾರಣ ಹುಟ್ಟುತ್ತಿತ್ತು. ಯಲ್ಲಮ್ಮ ಪಾತ್ರೆಗಳನ್ನು ತಳ್ಳುಗಾಡಿಯಲ್ಲಿ, ಲಗೇಜು ಆಟೋದಲ್ಲಿ ಕಳಿಸಿ ನೋಡಿದಳು. ಒಂದು ಮದುವೆಮನೆಗೆ ಅನ್ನದ ಕೊಪ್ಪರಿಗೆ ತಲುಪುವಾಗ ಮುಹೂರ್ತವೇ ಮುಗಿದಿತ್ತು. ಅಡುಗೆ ಭಟ್ಟರು ನೂರು ಜನರೆದುರು ಅವಳನ್ನು ಬೈದರು. ಅವಳು ಮರುಮಾತಾಡದೆ ನಿಂತು ಕೇಳಿಸಿಕೊಂಡಳು, ಏಕೆಂದರೆ ತಪ್ಪು ಅವಳ ಕಡೆಯದೇ ಆಗಿತ್ತು.

ಭದ್ರಾವತಿಯ ಗುಜರಿಯೊಂದರಲ್ಲಿ ಇಂಥದೇ ಗಾಡಿಯ ಎಂಜಿನ್ ಇದೆ ಎಂದು ಲಗೇಜು ಆಟೋದವನು ಹೇಳಿದ. ಮುರಳಿಗೆ ಒಂದು ಮಾತು ಹೇಳಿ ಹೋಗೋಣ ಎಂದು ಹುಲಿಯಪ್ಪ ರಾಗ ಎಳೆದ. ಅವಳು ಆಗಲೇ ಚಪ್ಪಲಿ ಮೆಟ್ಟಿದ್ದಳು.

ಭದ್ರಾ ಸೇತುವೆ ದಾಟಿ ಒಳಗೆ ಹೋದರೆ ತಗಡಿನ ಬೇಲಿ, ಅದರೊಳಗೆ ಒಡೆದ ಲಾರಿ, ಬಸ್ಸುಗಳ ಅಸ್ಥಿಪಂಜರ. ಯಜಮಾನ ಸೆಲ್ವರಾಜ್, ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರ ಮಗ. ಅವರಿಗೆ ಚಹಾ ತರಿಸಿ, ಮರದ ದಿಮ್ಮಿಗಳ ಮೇಲೆ ಕೂರಿಸಿದ್ದ ಎಂಜಿನ್ನಿಗೆ ಬ್ಯಾಟರಿ ಕೊಟ್ಟು ಚಾಲೂ ಮಾಡಿಯೇ ತೋರಿಸಿದ. ಒಂದೆರಡು ಸಲ ಕೆಮ್ಮಿ, ಆಮೇಲೆ ಒಂದೇ ಸಮನೆ ಓಡಿತು. ಹುಲಿಯಪ್ಪನ ಮುಖ ಅರಳಿತು. ತಮ್ಮದೂ ಹೀಗೇ ಕೆಮ್ಮುತ್ತಿತ್ತು ಎಂದ.

ಯಲ್ಲಮ್ಮ ಬಗ್ಗಿ ನೋಡಿದಳು. ಎಂಜಿನ್ನನ್ನು ಗಾಡಿಗೆ ಹಿಡಿದಿಡುವ ಕಬ್ಬಿಣದ ಕಾಲಿಗೆ ಒಂದು ತುಂಡು ಬೆಸೆದಿದ್ದರು. ಹಿಂದಿನ ವರ್ಷ ತಮ್ಮ ವ್ಯಾನಿನ ಇಂಥದೇ ಕಾಲು ಮುರಿದಾಗ ವೆಲ್ಡಿಂಗಿನವನಿಗೆ ಸರಿಯಾದ ಪಟ್ಟಿ ಸಿಗದೆ, ಅವಳೇ ಒಂದು ತೂತು ಬಾಣಲೆಯ ಹಿಡಿಯನ್ನು ಕೊಟ್ಟಿದ್ದಳು. ಬಾಡಿಗೆ ಪಾತ್ರೆ ಕಳುವಾಗದಿರಲಿ ಎಂದು ಅವಳು ಎಲ್ಲದರ ಮೇಲೂ ಉಳಿಯಲ್ಲಿ ಹೊಡೆಸುತ್ತಿದ್ದ ಎರಡಕ್ಷರ ಅದರ ಮೇಲೂ ಇತ್ತು. ಸೆರಗಿನಿಂದ ಎಣ್ಣೆ ಒರೆಸಿದಳು. ಯ. ಹು.

"ಅಣ್ಣ, ಇದನ್ನ ನಿಮಗೆ ಕೊಟ್ಟಿದ್ದು ಯಾರು?" ಎಂದು ಕೇಳಿದಳು.

ಸೆಲ್ವರಾಜ್ ಮುಚ್ಚಿಡಲಿಲ್ಲ. ಶಿವಮೊಗ್ಗದ ಮುರಳಿ, ಎಂದ. ಬ್ಲಾಕಿಗೆ ಏನೂ ಆಗಿರಲಿಲ್ಲವಂತೆ, ಅದರ ಮೇಲಿನ ಹೆಡ್ ಗ್ಯಾಸ್ಕೆಟ್ ಒಂದು ಮಾತ್ರ ಸುಟ್ಟಿತ್ತಂತೆ, ಹೊಸದನ್ನು ಹಾಕಿಯೇ ಮಾರಿದ್ದನಂತೆ.

ಯಲ್ಲಮ್ಮ ಎಂಜಿನ್ ಆರಿಸಲು ಹೇಳಿದಳು. ಪಕ್ಕದಲ್ಲಿದ್ದ ಗೋಣಿಚೀಲವನ್ನು ಮಡಚಿ ಅದರ ಮೇಲೆ ಹಾಕಿ, ಹತ್ತಿ ಕೂತಳು. ಮುರಳಿ ಇಲ್ಲಿಗೆ ಬರುವ ತನಕ ಏಳುವುದಿಲ್ಲ, ಇದನ್ನು ಬೇರೆಯವರಿಗೆ ಮಾರುವುದಿದ್ದರೆ ತನ್ನನ್ನೂ ಸೇರಿಸಿಯೇ ತೂಗಬೇಕು ಎಂದಳು. ಸೆಲ್ವರಾಜ್ ಮೊದಲು ನಕ್ಕ. ಅವಳ ಮುಖ ನೋಡಿ ಫೋನಿನ ಬೂತಿಗೆ ಹೋದ.

ಬಿಸಿಲೇರಿತು. ಗೋಣಿಯ ಕೆಳಗಿನಿಂದ ಕಾದ ಎಂಜಿನ್ ಸುಡುತ್ತಿತ್ತು. ಅವಳು ಕದಲಲಿಲ್ಲ. ಬೇಲಿಯ ಬಳಿ ಜನ ಸೇರಿದರು. ಮುರಳಿ ಬೈಕಿನಲ್ಲಿ ಬಂದವನು, ಅವಳನ್ನು ಕಂಡೊಡನೆ ಏನೋ ಅದಲುಬದಲಾಗಿದೆ, ತನ್ನ ಗ್ಯಾರೇಜಿನ ಹುಡುಗರು ಗೊತ್ತಿಲ್ಲದೆ ಕಳಿಸಿದ್ದಾರೆ ಎಂದು ಶುರು ಮಾಡಿದ.

"ಬ್ಲಾಕ್ ಸೀಳಿದೆ ಅಂತ ನನ್ನ ಮನೇಲಿ ಕೂತು, ನನ್ನ ತಟ್ಟೇಲಿ ಉಣ್ತಾ ಹೇಳಿದ್ದು ನೀನು," ಎಂದಳು ಯಲ್ಲಮ್ಮ. ದನಿ ಏರಿರಲಿಲ್ಲ. "ಎಲ್ಲಿ ಸೀಳಿದೆ, ಈ ಜನರಿಗೆ ತೋರ್ಸು. ತೋರಿಸಿದ್ರೆ ಎದ್ದು ಹೋಗ್ತೀನಿ."

ಮುರಳಿ ತೋರಿಸಲಿಲ್ಲ. ಕೊನೆಗೆ ತಲೆತಗ್ಗಿಸಿ, ಸುಳ್ಳು ಹೇಳಿದೆ ಅತ್ತಿಗೆ, ಎಂದ. ಹಾಗೆ ಕರೆಯಬೇಡ ಎಂದಳು ಅವಳು.

ಸೆಲ್ವರಾಜನ ಹಣವನ್ನೂ ಇವರ ಮುಂಗಡವನ್ನೂ ಮುರಳಿಯೇ ಹಿಂದಿರುಗಿಸಬೇಕೆಂದು ಅಲ್ಲೇ ತೀರ್ಮಾನವಾಯಿತು. ಎಂಜಿನ್ ಶಿವಮೊಗ್ಗಕ್ಕೆ ಬಂದು, ಬೇರೊಂದು ಗ್ಯಾರೇಜಿನಲ್ಲಿ ತನ್ನ ಜಾಗದಲ್ಲಿ ಕೂತಿತು. ಆದರೆ ಅವತ್ತು ಬಸ್ಸಿನಲ್ಲಿ ವಾಪಸು ಬರುವಾಗ ಹುಲಿಯಪ್ಪ ಕಿಟಕಿಯ ಹೊರಗೆ ನೋಡುತ್ತಾ, "ಪೊಲೀಸು ಗಿಲೀಸು ಬೇಡ ಕಣೇ. ಚಿಕ್ಕಂದಿನ ಗೆಳೆಯ. ಹೋಗ್ಲಿ ಬಿಡು," ಎಂದ.

ಮುರಳಿಯ ಮೇಲಿದ್ದುದಕ್ಕಿಂತ ದೊಡ್ಡ ಸಿಟ್ಟು ಅವಳಿಗೆ ಬಂದದ್ದು ಆಗ. "ಭಟ್ರು ಬೈದಾಗ ನಿಂತು ಕೇಳಿದ್ದು ನಾನು. ನೀವು ಅಲ್ಲಿ ಇರ್ಲಿಲ್ಲ," ಎಂದಳು.

ಪೊಲೀಸರ ಬಳಿ ಹೋಗಲಿಲ್ಲ. ಅದರ ಬದಲು ಅವಳು ಡ್ರೈವಿಂಗ್ ಕಲಿತಳು. ಗಂಡಸರ ಗೆಳೆತನದ ನಂಬಿಕೆಯಲ್ಲಿ ತನ್ನ ಗಾಡಿ ಇನ್ನೊಬ್ಬರ ಕೈಗೆ ಹೋಗಬಾರದೆಂದು ಹಟ. ನೆಹರೂ ರಸ್ತೆಯಲ್ಲಿ ಸೀರೆ ಉಟ್ಟ ಹೆಂಗಸು ವ್ಯಾನು ಓಡಿಸಿಕೊಂಡು ಹೋದರೆ ಅಂಗಡಿಯವರು ಹೊರಗೆ ಬಂದು ನೋಡುತ್ತಿದ್ದರು. ಅವಳು ಹಾರ್ನ್ ಒತ್ತಿಯೇ ಹೋಗುತ್ತಿದ್ದಳು.

ಮೂರ್ನಾಲ್ಕು ವರ್ಷ ಕಳೆದು ಜಯಾಳಿಗೆ ಮದುವೆ ಗೊತ್ತಾಯಿತು. ಪಾತ್ರೆ ಕೇಳಲು ಮುರಳಿ ಬರಲಿಲ್ಲ, ಜಯಾಳೇ ಬಂದಳು. ಬಾಗಿಲಲ್ಲಿ ನಿಂತು, ಬೇಡ ಅಂದ್ರೂ ಬೇಜಾರಿಲ್ಲ ಎಂದಳು. ಯಲ್ಲಮ್ಮ ಅವಳನ್ನು ಒಳಗೆ ಕೂರಿಸಿ ಕುಂಕುಮ ಕೊಟ್ಟಳು. ಇರುವುದರಲ್ಲೇ ಒಳ್ಳೆಯ ಕೊಪ್ಪರಿಗೆಗಳನ್ನು ಆರಿಸಿ, ತಾನೇ ವ್ಯಾನಿನಲ್ಲಿ ಒಯ್ದು ಇಳಿಸಿದಳು. ಮದುವೆಯ ದಿನ ಹರಸಲು ಹೋದಾಗ ಚಪ್ಪರದ ಕಂಬದ ಬಳಿ ಮುರಳಿ ಕೈಮುಗಿದು ನಿಂತಿದ್ದ. ಊಟ ಮಾಡಿಕೊಂಡೇ ಹೋಗಬೇಕು ಎಂದ. ಅವಳು ಅವನ ಕಡೆ ನೋಡದೆ, ಹುಡುಗಿಯ ತಲೆ ಮುಟ್ಟಿ ಹರಸಿ, ನೀರನ್ನೂ ಕುಡಿಯದೆ ಗಾಡಿ ಹತ್ತಿದಳು.

ಹುಲಿಯಪ್ಪ ಮಾತ್ರ ಪಂಕ್ತಿಯಲ್ಲಿ ಕೂತಿದ್ದ. ಅವಳು ಅವನಿಗಾಗಿ ಕಾಯಲಿಲ್ಲ.