ಎರಡು ದಾರಿಗೆ ಒಂದು ನಾಯಿ

ಪಾಲುದಾರಿಕೆಯಲ್ಲಿ ನಾಯಿ ಸಾಕಬೇಡಿ. ಕುರಿಯ ಮಾತು ಬೇರೆ, ಅದು ಸಂತೆಯವರೆಗೆ ಮಾತ್ರ ನಮ್ಮದು. ಅಂಗಡಿ ಒಡೆದರೆ ತಕ್ಕಡಿ ನಿನಗೆ, ಗಲ್ಲಾಪೆಟ್ಟಿಗೆ ನನಗೆ ಎಂದು ಹಂಚಿಕೊಳ್ಳಬಹುದು. ನಾಯಿಯನ್ನು ಹಂಚುವುದು ಹೇಗೆ? ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ದೇವದುರ್ಗದ ಗುಡ್ಡ ಸುತ್ತಿ ಕಲಿತೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನೂ ನನ್ನ ಪಾಲುದಾರನೂ ಗುಡ್ಡದ ಹಿಂದಿನ ಕುರಿಹಟ್ಟಿಗಳಿಗೆ ಹೋಗಿ ಟಗರು ಕೊಂಡು ರಾಯಚೂರಿನ ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದೆವು. ಬಸ್ಸು ಹೋಗುವ ಊರಿಗೆ ಎಲ್ಲ ದಲಾಲರೂ ಹೋಗುತ್ತಾರೆ. ಬಸ್ಸು ಹೋಗದ ಕಡೆ ಕಾಲು ಸವೆಸಿದವನಿಗೆ ಒಳ್ಳೆಯ ಟಗರು ಸಿಗುತ್ತದೆ. ನಸುಕಿನಲ್ಲಿ ದೇವದುರ್ಗ ಬಿಟ್ಟು, ಗುಡ್ಡವನ್ನು ಎಡಕ್ಕೆ ಹಾಕಿಕೊಂಡು ಹೊರಟರೆ, ಬಂಡೆಗಳ ಸಂದಿಯಲ್ಲಿ ಏರಿ, ಹಿಂಬದಿಯ ಹಟ್ಟಿಗಳನ್ನು ಮುಗಿಸಿ, ಅದೇ ಗುಡ್ಡವನ್ನು ಎಡಕ್ಕೇ ಇಟ್ಟುಕೊಂಡು ಸಂಜೆಗೆ ಮತ್ತೆ ಊರು ಸೇರುತ್ತಿದ್ದೆವು. ರಾಯಚೂರು ಸೀಮೆ ಎಂದರೆ ಬಿಸಿಲು ಎಂದಷ್ಟೇ ತಿಳಿದವರು ಪುಷ್ಯ ಮಾಸದಲ್ಲಿ ಆ ಬಂಡೆಗಳ ನಡುವೆ ಒಮ್ಮೆ ನಡೆಯಬೇಕು. ಮೇ ತಿಂಗಳಲ್ಲಿ ರೊಟ್ಟಿ ಸುಡುವಷ್ಟು ಕಾಯುವ ಕಲ್ಲು ಆಗ ಅಂಗಾಲನ್ನೇ ಕಚ್ಚುತ್ತದೆ.

ನಾಯಿಯನ್ನು ತಂದವನು ನಾನು. ಕಣ್ಣು ಬಿಟ್ಟ ಹೊಸದರಲ್ಲಿ ಒಂದು ಹಟ್ಟಿಯಿಂದ ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದು, ನನ್ನ ಮನೆಯ ಹಾಲು ಹಾಕಿ ಬೆಳೆಸಿದ್ದೆ. ಮಂದೆಯನ್ನು ಹಿಡಿಯುವ ಕೆಲಸವೂ ಅದಕ್ಕೆ ತಾನಾಗಿಯೇ ಬಂತು. ಒಂದು ಟಗರು ಆಚೆ ಸರಿದರೆ ಸಾಕು, ಸುತ್ತು ಹಾಕಿ ಒಳಗೆ ತರುತ್ತಿತ್ತು. ಆದರೆ ದಾರಿಯಲ್ಲಿ ಅದು ನಡೆಯುತ್ತಿದ್ದುದು ಮಾತ್ರ ನನ್ನ ಪಾಲುದಾರನ ಹಿಮ್ಮಡಿಗೆ ಮೂಗು ಹಚ್ಚಿ.

ಅವನು ಅದನ್ನು ಮುಟ್ಟುತ್ತಲೂ ಇರಲಿಲ್ಲ! ಐದು ಹೊತ್ತು ನಮಾಜು ತಪ್ಪಿಸದವನು. ನಾಯಿಯ ಎಂಜಲು ತಾಕಿದರೆ ತೊಳೆಯಬೇಕು, ಚಳಿಯಲ್ಲಿ ಅಷ್ಟು ನೀರು ಎಲ್ಲಿ ತರುವುದು ಎಂದು ಒಂದು ಮೊಳ ದೂರವೇ ಇಡುತ್ತಿದ್ದ. ತಿಕ್ಕಿದವನು ನಾನು, ಉಣ್ಣಿ ಕಿತ್ತವನು ನಾನು, ತಿನ್ನಿಸಿದವನು ನಾನು. ನಾನು ‘ಬಾರಲೇ’ ಎಂದರೆ ಕಿವಿ ಆಡಿಸಿ ಯೋಚನೆ ಮಾಡುತ್ತಿತ್ತು. ಅವನು ಬಾಯೊಳಗೆ ‘ಆಜಾ’ ಎಂದರೆ ಬಂಡೆ ಹಾರಿ ಬರುತ್ತಿತ್ತು. ನನ್ನ ಮನೆಯ ಹಾಲು ಕುಡಿದ ನಾಯಿಗೆ ಅವನ ಮನೆಯ ಮಾತು ಹೇಗೆ ತಿಳಿಯಿತೋ! ಹಟ್ಟಿಯ ಹೆಂಗಸರೂ ಹಾಗೆಯೇ. ನಾನು ಗಂಟೆಗಟ್ಟಲೆ ಚೌಕಾಶಿ ಮಾಡಿ ಬಾಯಿ ಒಣಗಿಸಿಕೊಂಡರೆ ಮಜ್ಜಿಗೆ ಮೊದಲು ಅವನ ಕೈಗೆ. ಮಜ್ಜಿಗೆಯನ್ನಾದರೂ ಸಹಿಸಿದೆ. ನಾಯಿಯದು ಸಹಿಸಲಾಗಲಿಲ್ಲ.

ಅವನಿಗೆ ಮಾನ್ವಿಯ ಕಡೆ ಮದುವೆ ಗೊತ್ತಾಯಿತು. ಮಾವನೂ ಕುರಿ ವ್ಯಾಪಾರದವನೇ, ಅಲ್ಲೇ ಬಂದು ಇರು ಎಂದನಂತೆ. ಉಳಿದ ಲೆಕ್ಕವೆಲ್ಲ ಜಗಳವಿಲ್ಲದೆ ಮುಗಿಯಿತು. ಇನ್ನು ಮುಂದೆ ನಾನೊಬ್ಬನೇ ಬರುತ್ತೇನೆ ಎಂದು ಹಟ್ಟಿಗಳಿಗೆ ತಿಳಿಸಲು ಕಡೆಯ ಸುತ್ತಿಗೆ ಹೊರಟೆವು. ಏರುವಾಗ ಅವನು ಮೆಲ್ಲಗೆ ಕೇಳಿದ.

“ಭಾಯಿ, ನಾಯಿ ನನಗ ಕೊಡು. ಅಲ್ಲಿ ಹೊಸಾ ಮಂದಿ, ಹೊಸಾ ದಾರಿ. ಅದಿದ್ರ ಧೈರ್ಯ.”

“ಮುಟ್ಟಾಕ ಹೇಸತೀ, ನಿನಗ್ಯಾಕ ನಾಯಿ?”

“ಕುರಿ ಕಾಯಾಕ ಇಟ್ಕೋಬೌದು ಅಂತಾರ ನಮ್ಮ ಹಿರೇರು. ಮುದ್ದು ಮಾಡಾಕ ಬ್ಯಾಡ ಅಂತಾರ, ಅಷ್ಟ.”

“ಮುದ್ದು ಮಾಡದನ ಇಷ್ಟು ಕೆಡಿಸಿಟ್ಟೀ. ಮಾಡಿದ್ರ ಏನಾಕ್ಕಿತ್ತೋ!”

ಅವನು ನಕ್ಕ. ನನಗೆ ನಗು ಬರಲಿಲ್ಲ. ಕೈಯ ಮೇಲೆ ಟವೆಲ್ಲು ಹೊದಿಸಿ ಮುಂದೆ ಮಾಡಿದೆ. ನಮ್ಮ ವ್ಯಾಪಾರದಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ, ಬಟ್ಟೆಯ ಕೆಳಗೆ ಬೆರಳು ಹಿಡಿದು ಹೇಳುತ್ತೇವೆ. ಅವನು ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡ.

“ಇದಕ್ಕ ಬೆರಳು ಹಿಡಿಯಂಗಿಲ್ಲ ಭಾಯಿ. ಬೆರಳಾಟದಾಗ ನೀನ ಗೆಲ್ತೀ.”

ಮಧ್ಯಾಹ್ನ ಒಂದು ಹಟ್ಟಿಯಲ್ಲಿ ಬುತ್ತಿ ಬಿಚ್ಚಿದಾಗ ಅಲ್ಲಿನ ಮುದುಕಿಯ ಮುಂದೆ ನ್ಯಾಯ ಇಟ್ಟೆವು. ಆಕೆ ಒಲೆಗೆ ಕಟ್ಟಿಗೆ ತಳ್ಳುತ್ತ ಕುರುಬರ ಪದ್ಧತಿ ಹೇಳಿದಳು.

“ನಮ್ಮಾಗ ಅಣ್ಣತಮ್ಮರು ಬ್ಯಾರೆ ಆದ್ರ ನಾಯಿಗೆ ಪಂಚಾಯ್ತಿ ಇಲ್ಲಪ್ಪ. ದಾರಿ ಎರಡಾಗೋ ಕಡಿ ಬಿಟ್ಟು ನಡೀರಿ. ಕರೀಬ್ಯಾಡ್ರಿ. ತಿರುಗಿ ನೋಡಬ್ಯಾಡ್ರಿ, ನೋಡಿದಾಂವ ಸೋತಂಗ. ಅದು ಯಾರ ಹಿಂದ ಬರ್ತದೋ ಅವರದು.”

“ಹೆಣ್ಣು ಕೇಳಾಕ ಬಂದೋರಂಗ ಕುಂತೀರಲ್ಲೋ ಇಬ್ಬರೂ,” ಎಂದು ಒಳಗಿನಿಂದ ಸೊಸೆ ನಕ್ಕಳು.

ಇಬ್ಬರೂ ಒಪ್ಪಿದೆವು. ಗುಡ್ಡದ ಕೊನೆಗೆ ದಾರಿ ಒಡೆಯುತ್ತದೆ. ಎಡಕ್ಕೆ ಹೋದರೆ ದೇವದುರ್ಗ, ಅಂದರೆ ನನ್ನ ಮನೆ. ಬಲಕ್ಕೆ ಹೋದರೆ ಮಾನ್ವಿ ಬಸ್ಸು ನಿಲ್ಲುವ ಡಾಂಬರು ರಸ್ತೆ. ಅಲ್ಲಿಯವರೆಗೆ ಇನ್ನೂ ಇಳಿಯುವ ದಾರಿ ಇತ್ತು, ನನ್ನ ಬುತ್ತಿಯಲ್ಲಿ ತುಪ್ಪ ಸವರಿದ ರೊಟ್ಟಿ ಇತ್ತು. ಪಂದ್ಯಕ್ಕೆ ಒಪ್ಪಿದ ಮೇಲೆ ತಯಾರಿ ಮಾಡದವನು ವ್ಯಾಪಾರಿಯಲ್ಲ. ಮುರಿಮುರಿದು ಹಾಕುತ್ತ ನಡೆದೆ. ಉಳಿದ ತುಪ್ಪವನ್ನು ಧೋತರದ ಅಂಚಿಗೂ ಒರೆಸಿಕೊಂಡೆ. ನಾಯಿ ರೊಟ್ಟಿ ತಿಂದು, ಬಾಯಿ ನೆಕ್ಕಿಕೊಂಡು, ಮತ್ತೆ ಅವನ ಹಿಮ್ಮಡಿಗೆ ಹೋಗಿ ಸೇರುತ್ತಿತ್ತು.

“ತಿನ್ಸು ತಿನ್ಸು,” ಎಂದ ಅವನು ತಿರುಗಿಯೂ ನೋಡದೆ. “ಹೊಟ್ಟಿ ತುಂಬಿದ್ರ ದೂರ ನಡೀತದ, ಮಾನ್ವಿ ತನಕ.”

ಅವನಿಗೆ ಬೆನ್ನಲ್ಲಿ ಕಣ್ಣಿದ್ದವು. ಗಾಳಿ ಎದುರಿಗೆ ಬೀಸುತ್ತಿತ್ತು, ನನ್ನ ಮೂಗು ಕಿವಿ ಮರಗಟ್ಟಿದ್ದವು, ಹೊಟ್ಟೆಯೊಳಗೆ ಮಾತ್ರ ಬೆಂಕಿ. ಅವನ ನಡಿಗೆಯನ್ನೇ ನೋಡುತ್ತ ಇಳಿದೆ. ಏನಿತ್ತು ಆ ನಡಿಗೆಯಲ್ಲಿ? ನನ್ನದಕ್ಕಿಂತ ನಿಧಾನ, ಅಷ್ಟೇ. ನಾನೂ ನಿಧಾನ ಮಾಡಿ ನೋಡಿದೆ. ನಾಯಿ ನನ್ನನ್ನು ದಾಟಿಕೊಂಡು ಮುಂದೆ ಹೋಯಿತು.

ದಾರಿ ಒಡೆಯುವಲ್ಲಿ ನಿಂತು ಕೈ ಕುಲುಕಿದೆವು. ನಾಯಿ ನಡುವೆ ಕೂತು ಇಬ್ಬರ ಮುಖವನ್ನೂ ನೋಡಿತು. ಅವನು “ಖುದಾ ಹಾಫಿಜ್” ಎಂದು ಬಲಕ್ಕೆ ಹೊರಟ. ನಾನು ಎಡಕ್ಕೆ. ಹತ್ತಿಪ್ಪತ್ತು ಮಾರು ಹೋಗಿರಬೇಕು, ಹಿಂದೆ ನಾಯಿ ಬೊಗಳಿತು. ಮತ್ತೆ ಬೊಗಳಿತು. ನನ್ನ ಹಿಂದೆ ಹೆಜ್ಜೆಯ ಸದ್ದಿಲ್ಲ. ಆಯಿತು, ಹೋಯಿತು ಅವನ ಕಡೆ. ಅವನ ಕಾಲ ಬಳಿ ಕುಣಿಯುತ್ತ ಬೊಗಳುತ್ತಿದೆ ಎಂದುಕೊಂಡೆ. ನನಗಾಗಿ ಎಂದೂ ಹೀಗೆ ಬೊಗಳಿರಲಿಲ್ಲ. ಮಾನ್ವಿಯಲ್ಲಿ ಅವನ ಹೊಸ ಹೆಂಡತಿ ಅದಕ್ಕೆ ಅನ್ನ ಹಾಕುವುದನ್ನು, ಮಾವ ಅದರ ಬುದ್ಧಿ ಕಂಡು ತಲೆದೂಗುವುದನ್ನು, ಇವನು “ನಮ್ಮದ” ಎಂದು ಹೇಳುವುದನ್ನು ಒಂದೊಂದಾಗಿ ಕಣ್ಣ ಮುಂದೆ ತಂದುಕೊಂಡು ನಡೆದೆ.

ಆದರೆ ನನ್ನ ಕಿವಿ ಸಂತೆಯ ಕಿವಿ. ನೂರು ಗದ್ದಲದಲ್ಲೂ ಯಾವ ದನಿ ಎಲ್ಲಿಂದ ಬರುತ್ತದೆ ಎಂದು ತಿಳಿಯದಿದ್ದರೆ ನಮಗೆ ಊಟವಿಲ್ಲ. ಅವನ ಜೊತೆ ಹೋಗಿದ್ದರೆ ಬೊಗಳು ಬಲಕ್ಕೆ ಸರಿಯಬೇಕಿತ್ತು. ಅದು ನೇರ ಬೆನ್ನ ಹಿಂದೆಯೇ ಇತ್ತು. ಅದೂ ಒಂದು ಬೊಗಳು ಜೋರಾಗಿ, ಮುಂದಿನದು ಮಂದವಾಗಿ. ಮತ್ತೆ ಜೋರು, ಮತ್ತೆ ಮಂದ. ಆಗ ಹೊಳೆಯಿತು. ನಿಂತಲ್ಲೇ ನಿಂತು ಮುಖವನ್ನು ಅತ್ತಿತ್ತ ತಿರುಗಿಸುತ್ತಿದೆ. ಒಮ್ಮೆ ನನ್ನ ಕಡೆ, ಒಮ್ಮೆ ಅವನ ಕಡೆ. ಮಂದೆ ಎರಡಾಗಿ ಒಡೆದರೆ ಅದು ಹೀಗೆಯೇ ಬೊಗಳುತ್ತಿತ್ತು! ಮುದುಕಿ ಹೇಳಿದ ಪದ್ಧತಿ ಹಟ್ಟಿ ಕಾಯುವ ನಾಯಿಗೆ, ಒಬ್ಬ ಯಜಮಾನನನ್ನು ಆರಿಸಿಕೊಳ್ಳುವ ನಾಯಿಗೆ. ನಮ್ಮದು ಮಂದೆ ಹಿಡಿಯುವ ನಾಯಿ. ಅದರ ಲೆಕ್ಕದಲ್ಲಿ ನಾವಿಬ್ಬರೂ ಎರಡು ಕುರಿ.

ತಿರುಗಿ ಓಡಿದೆ. ಅತ್ತ ಕಡೆಯಿಂದ ಕಂಬಳಿ ಹಾರಿಸಿಕೊಂಡು ಅವನೂ ಬರುತ್ತಿದ್ದ.

“ತಿರುಗಿ ನೋಡಿದಿ! ಸೋತಿ!” ಎಂದೆ.

“ನೀ ಹಿಂದ್ಹಿಂದಕ ನಡಕೋತ ಬಂದ್ಯೇನು?”

“ನೀ ಮೊದಲು ನೋಡಿದಿ.”

“ನೀ ನೋಡದ ನಾ ನೋಡಿದ್ದು ನಿನಗ ಹ್ಯಾಂಗ ಗೊತ್ತಾತು?”

ಅಷ್ಟರಲ್ಲಿ ನಾಯಿ ನಮ್ಮಿಬ್ಬರ ಸುತ್ತ ಚಕ್ರ ಹಾಕಿ, ಮೊಣಕಾಲಿಗೆ ಮೈ ಒತ್ತಿ ಒತ್ತಿ, ಇಬ್ಬರ ಭುಜ ತಾಕುವವರೆಗೆ ದೂಡಿ, ಆಮೇಲೆ ಸಮಾಧಾನದಿಂದ ಕೂತಿತು. ಆಗಲೇ ಡಾಂಬರು ರಸ್ತೆಯ ಕಡೆ ಬಸ್ಸಿನ ಧೂಳೆದ್ದು ಹೋದದ್ದು ಕಂಡಿತು.

ಒಬ್ಬೊಬ್ಬರಾಗಿ ಹೋದರೆ ಅದು ಅಲ್ಲಿಂದ ಏಳುವುದಿಲ್ಲ. ಇಬ್ಬರೂ ಒಂದೇ ದಾರಿ ಹಿಡಿದರೆ ಏಳುತ್ತದೆ. ಹಾಗಾದರೆ ಯಾವ ದಾರಿ? ನನ್ನ ತಲೆ ಅವನಿಗಿಂತ ಮುಂಚೆ ಓಡಿತು.

“ನಿನ್ನ ಬಸ್ಸು ಹೋತಲ್ಲೋ,” ಎಂದೆ ಮರುಕದಿಂದ. “ದೇವದುರ್ಗಕ್ಕ ಬಾ. ಸ್ಟ್ಯಾಂಡಿನಿಂದ ಇನ್ನೊಂದು ಅದ. ಈ ಥಂಡಿಯಾಗ ಇಲ್ಲಿ ಯಾಕ ನಿಂದ್ರತೀ?”

ಅವನು ನನ್ನ ಮುಖ ನೋಡಿದ. “ನೀ ಹಿಂಗ ಪ್ರೀತೀಲೆ ಮಾತಾಡಿದ್ರ ಅದರಾಗ ಏನರ ಲಾಭ ಇರ್ತದ ಭಾಯಿ.”

ಲಾಭವಿತ್ತು. ಅವನಿಗೂ ಅದು ಗೊತ್ತಿತ್ತು. ಆದರೂ ಬಂದ. ನಾಯಿ ಮೊದಲ ಬಾರಿಗೆ ನಮ್ಮಿಬ್ಬರ ನಡುವೆ ನಡೆಯಿತು, ಅದೂ ನಾವು ಮತ್ತೆ ಒಡೆಯದ ಹಾಗೆ ಕಾಯಲು.

ನಡುದಾರಿಯಲ್ಲಿ ಕುರಿ, ನಾಯಿ ಎಲ್ಲ ಹತ್ತಿಸಿಕೊಳ್ಳುವ ಕಂಡಕ್ಟರರು ಸ್ಟ್ಯಾಂಡಿನಲ್ಲಿ ಕಾನೂನು ಹಿಡಿಯುತ್ತಾರೆ. ನಾನು ಅಂದುಕೊಂಡದ್ದೇ ಆಯಿತು. “ನಾಯಿ ಗೀಯಿ ಹತ್ತಸಂಗಿಲ್ರೀ, ಕೆಳಗ ಬಿಡ್ರಿ!” ಎಂದು ಕಂಡಕ್ಟರ್ ಬಾಗಿಲಿಗೆ ಕೈ ಅಡ್ಡ ಹಿಡಿದ. ಪಾಲುದಾರ ವಾದ ಮಾಡಲಿಲ್ಲ. ಮೆಟ್ಟಿಲಿಂದ ಇಳಿದು ಬಂದು, ಬಾಗಿ, ನಾಯಿಯ ತಲೆಯ ಮೇಲೆ ಅಂಗೈ ಇಟ್ಟ. ನಾಯಿ ಕಣ್ಣು ಮುಚ್ಚಿತು. ನಾನು ಅದರ ತಲೆ ಸವರಿದ್ದಕ್ಕೆ ಲೆಕ್ಕವಿಲ್ಲ. ಒಂದು ಸಲವೂ ಅದು ಹಾಗೆ ಕಣ್ಣು ಮುಚ್ಚಿರಲಿಲ್ಲ.

“ಚೆಂದ ನೋಡ್ಕೋ,” ಎಂದ.

“ನನಗ ಹೇಳ್ತೀಯಾ?” ಎಂದೆ.

ನಾನು ಅದರ ಕುತ್ತಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬಸ್ಸು ಹೊರಟಿತು. ಬಿಟ್ಟ ಮೇಲೆ ನಾಯಿ ಓಡಲಿಲ್ಲ. ಬಸ್ಸು ನಿಂತಿದ್ದ ಜಾಗದಲ್ಲಿ, ಸೋರಿದ ಎಣ್ಣೆಯ ಕಲೆಯ ಪಕ್ಕದಲ್ಲಿ, ರಸ್ತೆಯ ಕಡೆ ಮುಖ ಮಾಡಿ ಕೂತಿತು. ಮೂಸಿ ನೋಡಲಿ ಎಂದು ಧೋತರದ ಅಂಚು ಮುಂದೆ ಹಿಡಿದೆ. ಮುಖ ಪಕ್ಕಕ್ಕೆ ಸರಿಸಿ, ಮತ್ತೆ ರಸ್ತೆಯನ್ನೇ ನೋಡಿತು.

ಎಳೆದುಕೊಂಡು ಹೋಗಬಹುದಿತ್ತು. ಎಳೆಯಲಿಲ್ಲ. ಸರಕು ಕೈಗೆ ಬಂದ ಮೇಲೂ ವ್ಯಾಪಾರ ಮುಗಿದಿರುವುದಿಲ್ಲ. ಎದುರಿನವನು ಒಪ್ಪಿ ಏಳುವ ತನಕ ಕೂರಬೇಕು. ಒಂದು ಚಹಾ ತರಿಸಿಕೊಂಡು ಕಟ್ಟೆಯ ಮೇಲೆ ಕೂತೆ. ಮಾನ್ವಿಯ ಕಡೆ ಹೊರಟ ಆ ಬಸ್ಸಿನಲ್ಲಿ ಅವನು ಖಾಲಿ ಕೈಯಲ್ಲಿ ಕೂತಿದ್ದ, ನಾನು ಗೆದ್ದು ಇಲ್ಲಿ ಕೂತಿದ್ದೆ, ಆದರೂ ಹೊಟ್ಟೆ ಉರಿಯುತ್ತಿದ್ದುದು ನನ್ನದೇ. ನನ್ನ ಬಸ್ಸು ಹೋದರೆ ಹೀಗೆ ಕೂರುವ ಒಂದು ಜೀವ ಈ ಸೀಮೆಯಲ್ಲಿ ಇದೆಯೇ ಎಂದು ಯೋಚಿಸಿದೆ. ಚಹಾ ಆರಿತು. ಅಂಗಡಿಗಳು ಒಂದೊಂದಾಗಿ ಕಂದೀಲು ಹಚ್ಚಿದವು. ನನ್ನ ಕಂಬಳಿ ಬಿಚ್ಚಿ ನಾಯಿಯ ಮೇಲೆ ಹೊದಿಸಿದೆ. ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ.

ಕೊನೆಗೆ ತಾನಾಗಿಯೇ ಎದ್ದಿತು. ಮೈ ಕೊಡವಿ ಕಂಬಳಿ ಕೆಳಗೆ ಬೀಳಿಸಿ, ನನ್ನ ಕಡೆ ನೋಡದೆ ಮನೆಯ ಓಣಿ ಹಿಡಿಯಿತು. ನಾನು ಕಂಬಳಿ ಎತ್ತಿಕೊಂಡು, ಅದರ ನಡಿಗೆಗೆ ನನ್ನ ನಡಿಗೆ ಹೊಂದಿಸಿಕೊಂಡು ಹಿಂದೆ ಹೋದೆ.