ಹಾಡಿನ ಹಿಂದಿನ ರಂಗೋಲಿ

ಕೈಗೆ ಬಂದ ಕಾಗದವನ್ನು ಓದುವ ಮೊದಲು ಬೆಳಕಿಗೆ ಎತ್ತಿ ಹಿಡಿದು ನೋಡುವುದು ನನ್ನ ಹಳೆಯ ಚಟ. ಮದುವೆ ಪತ್ರಿಕೆಯಿರಲಿ, ಕರೆಂಟು ಬಿಲ್ಲಿರಲಿ, ಒಳಗೆಲ್ಲೋ ಒಂದು ನೀರುಗುರುತು, ಅಂದರೆ ವಾಟರ್‌ಮಾರ್ಕ್, ಅಡಗಿರಬಹುದೆಂಬ ಆಸೆ. ಇದನ್ನು ಸಂಶೋಧನೆಯೆಂದು ನನ್ನ ಮನೆಯಾಕೆ ಎಂದೂ ಒಪ್ಪಿಲ್ಲ. ಮೂವತ್ತು ವರ್ಷ ಬಸವಕಲ್ಯಾಣದ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನಿಗೆ ಇಷ್ಟು ಚಾಪಲ್ಯವಾದರೂ ಬೇಡವೇ, ನೀವೇ ಹೇಳಿ.

ಈಚೆಗೆ ದುಬಲಗುಂಡಿಯ ನನ್ನ ಅಕ್ಕನ ಮೊಮ್ಮಗಳಿಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಬರುವ ಹೆಂಗಸರ ಉಡಿಗೆ ಅಕ್ಕಿ, ಕೊಬ್ಬರಿಯ ಜೊತೆಗೆ ಅಕ್ಕನ ತೊಟ್ಟಿಲ ಪದಗಳ ಪುಸ್ತಿಕೆಯನ್ನೂ ಹಾಕೋಣವೆಂದು ನಾನೇ ಹುರುಪಿನಿಂದ ಹೇಳಿದೆ. ಶಾಲೆಯ ಮೆಟ್ಟಿಲು ಹತ್ತದ ಅಕ್ಕ ಹಾಡುತ್ತ ಹೋದಳು, ನಾನು ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡೆ. ಅವಳದು ಒಂದೇ ಕರಾರು: ನಾವು ಹುಟ್ಟಿ ಬೆಳೆದ ನಿರ್ಣಾ ಊರಿನ ಮನೆಯಂಗಳದಲ್ಲಿ ಅವ್ವ ದಿನಾ ಹಾಕುತ್ತಿದ್ದ ರಂಗೋಲಿ ಪ್ರತಿ ಪುಟದಲ್ಲೂ ಇರಬೇಕು. ಅವ್ವ ಹೋಗಿ ಬಹಳ ವರ್ಷಗಳಾದವು. ಅವಳ ಕೈಯದೆಂದು ಉಳಿದಿರುವುದು ನನ್ನ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದ ಆ ಎಂಟು ದಳದ ಹೂವೊಂದೇ. ಅದರ ಫೋಟೋ ತೆಗೆದು, ವಾಟರ್‌ಮಾರ್ಕ್ ಮಾಡಿ ಹಾಡುಗಳ ಹಿಂದೆ ಕೂರಿಸಿದೆ. ಪರದೆಯ ನೋಟ, ಅಂದರೆ ವ್ಯೂ, ಬದಲಿಸಿದಾಗ ಒಮ್ಮೆ ಮಾಯವಾದರೂ, ಪುಟದ ನೋಟಕ್ಕೆ ಮರಳಿದ ಕೂಡಲೇ ಅದು ಸ್ವಸ್ಥಾನದಲ್ಲಿ ನಗುತ್ತಿತ್ತು.

ಶುಕ್ರವಾರ ಹುಮನಾಬಾದಿನ ರಫೀಕ್ ಸಾಹೇಬರ ಪ್ರಿಂಟಿಂಗ್ ಅಂಗಡಿಗೆ ನಾನು ಇತ್ತಿಂದ, ಅಕ್ಕ ಅತ್ತಿಂದ ಬಸ್ಸಿನಲ್ಲಿ ಬಂದು ಸೇರಿದೆವು. ಮೊದಲ ಪ್ರತಿ ಹೊರಬಿತ್ತು. ಹಾಡುಗಳೆಲ್ಲ ಇದ್ದವು, ರಂಗೋಲಿ ಇರಲಿಲ್ಲ. ಅಕ್ಕ ಒಂದೊಂದೇ ಹಾಳೆ ತಿರುವಿ, "ಅವ್ವಂದು ಎಲ್ಲದ, ತಮ್ಮಾ?" ಎಂದಳು. ನಾನು ಯಂತ್ರವನ್ನು ಬೈದೆ.

"ಪ್ರಿಂಟರ್‌ದು ಏನೂ ಕಸೂರ್ ಇಲ್ರಿ ಸರ್," ಎಂದು ರಫೀಕ್ ಸಾಹೇಬರು ನನ್ನ ಲ್ಯಾಪ್‌ಟಾಪನ್ನು ತಮ್ಮತ್ತ ಎಳೆದುಕೊಂಡರು. "ಚಿತ್ರ ಪ್ರಿಂಟ್ ಮಾಡು ಅನ್ನೋ ಟಿಕ್ಕೇ ತೆಗದೀರಿ ನೀವು." ಪ್ರಶ್ನೆಪತ್ರಿಕೆಗಳ ಕಾಲದಲ್ಲಿ ಶಾಯಿ ಉಳಿಸಲೆಂದು ತೆಗೆದದ್ದು, ನನ್ನ ಜಿಪುಣತನದಂತೆಯೇ ಖಾಯಂ ಆಗಿ ಉಳಿದುಬಿಟ್ಟಿತ್ತು. ಟಿಕ್ ಹಾಕಿದರು. ರಂಗೋಲಿ ಬಂತು, ಮೊದಲ ಪುಟದಲ್ಲಿ ಮಾತ್ರ ಬರಲಿಲ್ಲ. ಆ ಪುಟದ ತಲೆಬರಹ, ಅಂದರೆ ಹೆಡರ್, ಬೇರೆಯೇ ಇರಲೆಂದು ಶೋಕಿಗೆ ನಾನು ಆರಿಸಿದ್ದೆ. ವಾಟರ್‌ಮಾರ್ಕ್ ಎಂಬುದು ತಲೆಬರಹಕ್ಕೆ ಅಂಟಿಕೊಂಡೇ ಬದುಕುವಂಥದ್ದಂತೆ. ಅದನ್ನೂ ಸರಿಪಡಿಸಿದ್ದಾಯಿತು.

ಆದರೂ ಅಕ್ಕನ ಮುಖ ಅರಳಲಿಲ್ಲ. ಹಾಳೆಯನ್ನು ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು, "ಏನೂ ಕಾಣವಲ್ದು" ಎಂದಳು. ಅಕ್ಷರಕ್ಕೆ ಅಡ್ಡ ಬರದಂತೆ ಚಿತ್ರವನ್ನು ಮಸುಕುಗೊಳಿಸುವ ಸೌಲಭ್ಯವನ್ನು ನಾನು ಧಾರಾಳವಾಗಿ ಬಳಸಿದ್ದೆ. ಗಾಢ ಮಾಡಿದರೆ ಹಾಡು ಓದಲಾಗದು ಎಂದು ಮುದ್ರಣಸೌಂದರ್ಯದ ಪಾಠವನ್ನೇ ಶುರುಮಾಡಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡು ಮೆಲ್ಲಗೆ ಹೇಳಿದಳು: "ಹಾಡು ನನ್ನ ಬಾಯಾಗ ಅದ. ಅಕ್ಷರ ನನಗ ಬರಂಗಿಲ್ಲ. ಈ ಬುಕ್ಕಿನ್ಯಾಗ ನಾ ಓದೋದು ಇದೊಂದೇ ನೋಡು."

ಜೀವಮಾನವಿಡೀ ಅಕ್ಷರವನ್ನು ಮುಂದಿಟ್ಟು ಉಳಿದದ್ದನ್ನೆಲ್ಲ ಹಿಂದೆ ಸರಿಸಿದವನಿಗೆ ನಾಚಿಕೆಯಾಯಿತು. ಮಸುಕಿನ ಟಿಕ್ಕನ್ನು ನಾನೇ ತೆಗೆದೆ. ರಂಗೋಲಿ ಕಪ್ಪಗೆ ಮೂಡಿತು. ರಫೀಕ್ ಸಾಹೇಬರು ಅಕ್ಷರಗಳನ್ನು ಒಂದಿಷ್ಟು ದಪ್ಪ ಮಾಡಿ ಇಬ್ಬರಿಗೂ ರಾಜಿ ಮಾಡಿಸಿದರು. ಅಕ್ಕ ಆ ದಳಗಳ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಕುಳಿತಳು.

ಭಾನುವಾರ ತೊಟ್ಟಿಲ ಪಕ್ಕ ಕುಳಿತು, ಪುಸ್ತಿಕೆ ಬಿಡಿಸಿ ಹಿಡಿದು ಹಾಡಿದಳು. ಒಂದು ಸೊಲ್ಲೂ ತಪ್ಪಲಿಲ್ಲ. ಪುಸ್ತಿಕೆ ತಲೆಕೆಳಗಾಗಿತ್ತು. ತಿರುಗಿಸಿ ಕೊಡಲೆಂದು ಎದ್ದವನು ಹಾಗೆಯೇ ಕುಳಿತುಕೊಂಡೆ, ಏಕೆಂದರೆ ಅವ್ವನ ರಂಗೋಲಿ ಆ ಕಡೆಯಿಂದಲೂ ನೆಟ್ಟಗೇ ಇತ್ತು.

ಕಾಗದವನ್ನು ಬೆಳಕಿಗೆ ಹಿಡಿಯುವ ಚಟ ಇನ್ನೂ ಬಿಟ್ಟಿಲ್ಲ. ಈಗೀಗ ಒಮ್ಮೊಮ್ಮೆ ತಲೆಕೆಳಗಾಗಿಯೂ ಹಿಡಿದು ನೋಡುತ್ತೇನೆ. ಏಕೆಂದು ಕೇಳುವುದನ್ನು ಮನೆಯಾಕೆ ಬಿಟ್ಟುಬಿಟ್ಟಿದ್ದಾಳೆ.